ಹೆಚ್ಚುಕಡಿಮೆ

ಮೂವತ್ತೊಂದು ವರ್ಷ ಹಾರ್ಲಿಂಗನ್ ಬಂದರಿನ ಕಚೇರಿಯಲ್ಲಿ ಕೂತು
ಕಡಲಿಗೆ ವೇಳಾಪಟ್ಟಿ ಬರೆದವಳು ನಾನು.
ಬರುವ ಮಾರ್ಚ್ ಒಂಬತ್ತಕ್ಕೆ ನೀರು
ಕಟ್ಟೆಯ ಎಷ್ಟನೇ ಮೆಟ್ಟಿಲು ಮುಟ್ಟುತ್ತದೆಂದು
ಹಿಂದಿನ ಬೇಸಿಗೆಯಲ್ಲೇ ಅಚ್ಚಿಗೆ ಕೊಡುತ್ತಿದ್ದೆ.
ಚಂದ್ರ ಒಂದು ದಿನವೂ ಮಾತು ತಪ್ಪಲಿಲ್ಲ.
ತಪ್ಪಿದ್ದು ಗಾಳಿ. ಗಾಳಿಯ ಲೆಕ್ಕ ನಮ್ಮ ಮೇಜಿನದಲ್ಲ.

ಈಗ ನಿವೃತ್ತಿ.
ಈಗ ಗಾಳಿಯದೇ ಲೆಕ್ಕ.

ನೂರೈವತ್ತು ಕಿಲೋಮೀಟರ್ ಮೇಲೆ
ಗಾಳಿ ಎಂದು ಕರೆಯಲೂ ಸಂಕೋಚವಾಗುವಷ್ಟು ತೆಳು ಗಾಳಿ.
ಅದರೊಳಗೆ ಲಾಗ ಹಾಕುತ್ತಿದೆ ಒಂದು ಖಾಲಿ ಕೊಳವೆ,
ಬಸ್ಸಿನಷ್ಟು ಉದ್ದ.
ಹೊತ್ತದ್ದನ್ನು ಮುಟ್ಟಿಸಿ ಹನ್ನೊಂದು ತಿಂಗಳಾಯಿತು.
ಮುಂದೇನೆಂದು ಅದಕ್ಕೆ ಯಾರೂ ಹೇಳಿ ಕಳಿಸಿರಲಿಲ್ಲ.
ತಡೆಯುವ ಗಾಳಿಯೇ ಅದನ್ನು ಓಡಿಸುತ್ತದೆ:
ಇಳಿದಷ್ಟೂ ಜೋರು, ಜೋರಾದಷ್ಟೂ ಇಳಿತ.
ಮೊನ್ನೆ ಸೂರ್ಯನಲ್ಲಿ ಏನೋ ಸಿಡಿದು
ಆ ಗಾಳಿಯೂ ಹಾಲಿನಂತೆ ಉಕ್ಕಿತು.
ನನ್ನ ಮಂಗಳವಾರ ಸೋಮವಾರವಾಯಿತು.

ಏಪ್ರಿಲ್, ರಾತ್ರಿ ಒಂಬತ್ತೂವರೆ, ದಡದ ಒಡ್ಡಿನ ಮೇಲೆ.
ಕೈಯಲ್ಲಿ, ಕಾಲುವೆಯ ಮಂಜುಗಡ್ಡೆಯ ಮೇಲೆ
ಸ್ಕೇಟಿಂಗ್ ಪಂದ್ಯಕ್ಕೆ ಹಿಡಿಯುತ್ತಿದ್ದ ಸ್ಟಾಪ್‌ವಾಚು.
(ಕಾಲುವೆ ಗಟ್ಟಿಯಾಗಿ ಎಷ್ಟು ಚಳಿಗಾಲವಾಯಿತೋ.)
ಬಂತು.
ಮಿಣಕ್, ಕತ್ತಲು, ಮಿಣಕ್, ಕತ್ತಲು,
ಹತ್ತೊಂಬತ್ತು ಸೆಕೆಂಡು ಮೊದಲೇ.

ಕಿಂಬರ್ಲಿಯ ಟೆಬೊಹೊನನ್ನು ಕೇಳಿದೆ, ಕಂಡಿತೇ?
ಆರು ವರ್ಷದ ಗೆಳೆತನ, ಮುಖ ನೋಡಿಲ್ಲ.
ಒಂದೇ ಮಾತು ಬಂತು: ಮೋಡ.

ಅಡಿಗೆಮನೆಯ ಮೇಜಿನ ಮೇಲೆ ಕೂಡಿ ಕಳೆದು ಬರೆದೆ:
ಬೆಳಗಿನ ಜಾವ ನಾಲ್ಕು ಹತ್ತು,
ಹೆಚ್ಚುಕಡಿಮೆ ಒಂದೂವರೆ ಗಂಟೆ.
ಒಂದೂವರೆ ಆಚೆ, ಒಂದೂವರೆ ಈಚೆ
ಎಂದರೆ ಭೂಮಿಗೆ ಸುತ್ತಿದ ಎರಡೆಳೆ ನೂಲು.
ಅದರ ಕೆಳಗೆ ಬಹುಪಾಲು ನೀರೇ.
ನೀರಲ್ಲದ ಕಡೆ ಯಾರೋ ಒಲೆ ಹಚ್ಚುತ್ತಿರುತ್ತಾರೆ,
ಯಾರೋ ತಾರಸಿಯಲ್ಲಿ ಬಟ್ಟೆ ಮರೆತು ಮಲಗಿರುತ್ತಾರೆ.

ಪಕ್ಕದ ವೊಬ್ಬೆ ಬೇಲಿಯಾಚೆಯಿಂದ ಕೇಳಿದ,
'ಸಿಯೆಟ್ಸ್ಕೆ, ಕುರಿಗಳನ್ನು ಒಳಗೆ ಹಾಕಲೇ?'
ಬೇಡವೆಂದೆ. ಸಂಭವ ಎಷ್ಟು ಕಡಿಮೆಯೆಂದು ಸೊನ್ನೆ ಎಣಿಸಿ ಹೇಳಿದೆ.
'ಹೆಚ್ಚುಕಡಿಮೆ ಆದರೆ?'
ಉತ್ತರಕ್ಕೆ ಬಾಯಿ ತೆರೆದೆ.
ಕೈಯಲ್ಲಿದ್ದ ಚೀಟಿಯಲ್ಲೂ ಅದೇ ಪದ.

ಒಳಗೆ ಹಾಕಿದ. ತಗಡಿನ ಮಾಡು.
ನಾನು ಏನೂ ಅನ್ನಲಿಲ್ಲ.

ನಾಲ್ಕು ಹತ್ತು. ಫ್ರಿಜ್ಜು ಗೊರಗುಟ್ಟಿತು.
ನಾಲ್ಕೂವರೆ. ಕಿಟಕಿಯಲ್ಲಿ ಬಂದರಿನ ಕೆಂಪು ದೀಪ,
ಅದೂ ಮಿಣಕ್, ಕತ್ತಲು; ಆದರೆ ನಿಯತ್ತಿನದು.
ಐದಕ್ಕೆ ಒಂದು ರಾಡಾರು ತನ್ನ ಪಾಲಿನ ಆಕಾಶದಲ್ಲಿ ಕಾದು
ಏನೂ ಬರಲಿಲ್ಲ ಎಂದಿತು.
ಬಾರದಿರುವುದೇ ಸುದ್ದಿ. ಹಾಗಾದರೆ ಬಿತ್ತು.

ಬೆಳಗಾದ ಮೇಲೆ ವೊಬ್ಬೆ ಬಾಗಿಲು ತೆಗೆದು ಎಣಿಸಿದ.
ಮತ್ತೊಮ್ಮೆ ಎಣಿಸಿದ.
ರಾತ್ರಿ ಹಾಕಿದ್ದಕ್ಕಿಂತ ಒಂದು ಹೆಚ್ಚು,
ಇನ್ನೂ ಒದ್ದೆ, ಕಾಲು ಎಲ್ಲಿಡಬೇಕೆಂದು ತಿಳಿಯದ್ದು.
ನನ್ನತ್ತ ನೋಡಿದ, ನಾನೇ ಲೆಕ್ಕ ತಪ್ಪಿಸಿದವಳಂತೆ.

ಹತ್ತು ಗಂಟೆಗೆ ಅಧಿಕೃತ ಸಾಲು:
ದಕ್ಷಿಣದ ಕಡಲು, ಹೆಚ್ಚುಕಡಿಮೆ ಹನ್ನೊಂದು ನಿಮಿಷ.
ಹನ್ನೊಂದು ನಿಮಿಷವೆಂದರೆ ಐದು ಸಾವಿರ ಕಿಲೋಮೀಟರು.
ಅಷ್ಟು ನೀರಿನಲ್ಲಿ ಒಂದು ಚಿಟಿಕೆ ಬೆಂಕಿ.

ಪುಸ್ತಕ ತೆರೆದೆ. ದಿನ, ಬರೆದೆ.
ವೇಳೆ, ಬರೆದೆ, ಪಕ್ಕದಲ್ಲಿ ಅದರ ಅನುಮಾನವನ್ನೂ.
ಕೊನೆಯ ಕಾಲಂ: ಕಂಡವರು.
ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತು.
ಉಬ್ಬರದ ಪಟ್ಟಿಯಲ್ಲಿ ಅಂಥ ಕಾಲಂ ಇರಲಿಲ್ಲ.